ಮೊರದೊಳಗಿನ ಬೆಲ್ಲ



ಕ್ರಿಸ್ತಜಯಂತಿಯ ಅಡುಗೆ ಎಂದೊಡನೆ ನಿಮ್ಮ ನೆನಪಿಗೆ ಮೊದಲು ಬರುವುದು ಕೇಕು ಇರಬಹುದು. ಕರಾವಳಿಯ ಕಡೆಯವರಾಗಿದ್ದರೆ ಕುಸ್ವಾರದ ಡಬ್ಬಿ. ನಾನು ಹುಮನಾಬಾದಿನ ಸೀಮೆಯವನು. ನನಗೆ ನೆನಪಾಗುವುದು ಭಜ್ಜಿ.

ಎಣ್ಣೆಯಲ್ಲಿ ಕರಿದ ಭಜ್ಜಿಯನ್ನು ನಾನು ಹೇಳುತ್ತಿಲ್ಲ. ಬೀದರ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಎಳ್ಳ ಅಮಾವಾಸ್ಯೆಗೆ ಮಾಡುವ ಭಜ್ಜಿಯೇ ಬೇರೆ. ಆ ಹೊತ್ತಿಗೆ ಹೊಲದಲ್ಲಿ ತೊಗರಿ ಬಲಿತಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ, ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಹಸಿ ತೊಗರಿಕಾಳು, ಅವರೆಕಾಳು, ಶೇಂಗಾ, ಕಡಲೆಯ ಎಳೆ ಸೊಪ್ಪು, ಮೆಂತೆ, ಬದನೆ, ಗಜ್ಜರಿ, ಹೀಗೆ ಕೈಗೆ ಸಿಕ್ಕಿದ್ದೆಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕಲಸಿ ಗಟ್ಟಿಮಾಡುತ್ತಾರೆ. ಅದರ ಜೊತೆಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಇಡೀ ಊರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲಿ, ಬಂದವರನ್ನೆಲ್ಲ ಕೂಡಿಸಿ ಉಣಬಡಿಸುತ್ತದೆ. ಆ ದಿನ ದಾರಿಹೋಕನನ್ನು ಉಣ್ಣದೆ ಮುಂದಕ್ಕೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ.

ಈ ಅಮಾವಾಸ್ಯೆ ಕೆಲವು ವರ್ಷ ಡಿಸೆಂಬರಿನಲ್ಲಿ, ಕೆಲವು ವರ್ಷ ಜನವರಿಯಲ್ಲಿ ಬರುತ್ತದೆ. ಕ್ರಿಸ್ತಜಯಂತಿಗೆ ಅದು ಯಾವಾಗಲೂ ನೆರೆಮನೆಯ ಹಬ್ಬ. ನಮ್ಮ ಹಿರಿಯರು ಮೆಥೋಡಿಸ್ಟ್ ಸಭೆಯವರು. ಕ್ರೈಸ್ತರಾದ ಹೊಸತರಲ್ಲಿ ಉಪದೇಶಿಗಳು ಕಲ್ಲುಪೂಜೆ ಕೂಡದೆಂದಾಗ ಅಜ್ಜ ಒಪ್ಪಿಕೊಂಡರಂತೆ. ಆದರೆ ಭಜ್ಜಿಯ ಗಡಿಗೆಯನ್ನು ಮಾತ್ರ ಬಿಡಲಾರೆವೆಂದರಂತೆ. ಹೀಗಾಗಿ ಅದು ನಮ್ಮ ಮನೆಯಲ್ಲಿ ಕ್ರಿಸ್ತಜಯಂತಿಯ ಒಲೆಯನ್ನು ಏರಿತು. ಮುಂದೆ ಕರಾವಳಿಯಿಂದ ಈ ಕಡೆಗೆ ಸೇವೆಗೆ ಬಂದ ಯುವ ಗುರುಗಳೊಬ್ಬರು ಹಬ್ಬದ ದಿನ ನಮ್ಮ ಮನೆಗೆ ಬಂದು, ತಾಟಿನಲ್ಲಿದ್ದುದನ್ನು ಬಹಳ ಹೊತ್ತು ನೋಡಿ, ಇದರಲ್ಲಿ ಏನೇನಿದೆಯೆಂದು ಕೇಳಿದರು. ಏನಿಲ್ಲವೆಂದು ಕೇಳಿರಿ ಎಂದೆ. ಮೂರು ಸಲ ಹಾಕಿಸಿಕೊಂಡರು.

ನಾನು ಹೇಳಲು ಹೊರಟಿರುವುದು ನಾವು ಏನನ್ನು ಬೇಯಿಸುತ್ತಿದ್ದೆವು ಎಂಬುದನ್ನಲ್ಲ. ಬೇಯಿಸಿದ್ದು ಯಾರ ಮನೆಯವರೆಗೆ ಹೋಗುತ್ತಿತ್ತು ಎಂಬುದನ್ನು.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಒಂದು ಹಳ್ಳಿ ನಮ್ಮದು. ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಅಪ್ಪ ಗೌಡರ ಹೊಲದಲ್ಲಿ ದುಡಿಯುತ್ತಿದ್ದರು. ಹಬ್ಬದ ದಿನ ಆರಾಧನೆ ಮುಗಿಸಿ ಬಂದೊಡನೆ ಅವ್ವ ಮೂರು ಬಗೆಯ ಹಂಚಿಕೆ ಮಾಡುತ್ತಿದ್ದಳು. ಕೇರಿಯ ಮನೆಗಳಿಗೆ ಹೋಳಿಗೆ, ಭಜ್ಜಿ. ಅತ್ತಾರ ಮಾಮಾನ ಮನೆಗೆ ಹೋಳಿಗೆ, ಕರ್ಜಿಕಾಯಿ. ರಂಜಾನಿನಲ್ಲಿ ಅವರ ಮನೆಯ ಸುರಕುಂಬಾ ನಮಗೆ ಬರುತ್ತಿತ್ತು. ಗೌಡರ ಮನೆಗೆ ಮಾತ್ರ ಬೇಯಿಸಿದ್ದು ಹೋಗುತ್ತಿರಲಿಲ್ಲ. ಮೊರದಲ್ಲಿ ಒಂದು ಸೇರು ಗೋಧಿ, ಒಂದು ಹೆಂಟೆ ಬೆಲ್ಲ, ಒಂದು ತೆಂಗಿನಕಾಯಿ, ಒಂದು ಹಿಡಿ ಎಳ್ಳು, ಅಂದರೆ ಹಸಿ ಪಡಿ. ನಮ್ಮ ಒಲೆಯ ಮೇಲಿನದನ್ನು ಅವರು ಉಣ್ಣುತ್ತಿರಲಿಲ್ಲ. ಹತ್ತು ದಿನ ಆಚೀಚೆ ಎಳ್ಳ ಅಮಾವಾಸ್ಯೆ ಬಂದಾಗ ಅವರ ಮನೆಯ ಭಜ್ಜಿ, ರೊಟ್ಟಿ ನಮಗೆ ಬರುತ್ತಿತ್ತು. ಬೇಯಿಸಿದ್ದು ಕೇರಿಗೆ ಇಳಿಯುತ್ತಿತ್ತು, ಹಸಿಯದು ಊರೊಳಗೆ ಏರುತ್ತಿತ್ತು.

ಆ ಮೊರವನ್ನು ಹೊತ್ತೊಯ್ಯುವ ಕೆಲಸ ನನ್ನದು. ಬಾಗಿಲ ಹೊರಗೆ ನಿಂತು ಕೂಗಬೇಕು. ಗೌಡಸಾನಿ ತಮ್ಮ ಮೊರ ತಂದು ನೆಲದ ಮೇಲಿಡುತ್ತಿದ್ದರು. ನಾನು ನನ್ನ ಮೊರವನ್ನು ಎತ್ತಿ, ಅದಕ್ಕೆ ತಾಗದಂತೆ, ಮೇಲಿನಿಂದ ಸುರಿಯಬೇಕು. "ಮುಟ್ಟಿತು ಅಂತ ಹೇಳು ನಿಮ್ಮವ್ವಗ" ಎನ್ನುತ್ತಿದ್ದರು ಅವರು. ಮುಟ್ಟದಂತೆ ಸುರಿದದ್ದನ್ನು ಮುಟ್ಟಿತು ಎನ್ನುವ ಆ ಮಾತಿನ ವಿಚಿತ್ರ ನನಗೆ ಹೊಳೆದದ್ದು ಮೇಷ್ಟ್ರಾಗಿ ವ್ಯಾಕರಣ ಕಲಿಸುವ ಕಾಲಕ್ಕೆ. ಅವರು ಕೆಟ್ಟವರಾಗಿರಲಿಲ್ಲ, ವಾಚಕರೇ. ನನ್ನ ತಂಗಿಗೆ ಜ್ವರ ಬಂದಾಗ ಗಾಡಿ ಕಟ್ಟಿಸಿ ಹುಮನಾಬಾದಿಗೆ ಕಳಿಸಿದವರು ಅವರೇ. ಒಳ್ಳೆಯವರ ಮನೆಯ ಬಾಗಿಲಲ್ಲಿಯೂ ಹೀಗೆ ನಡೆಯುತ್ತಿತ್ತು ಎಂಬುದನ್ನು ಹೇಳಬೇಕಾದದ್ದು ಅದಕ್ಕಾಗಿಯೇ. ನಾವು ಹೋಳಿಗೆಯನ್ನೇ ಏಕೆ ಕೊಡಬಾರದೆಂದು ಒಮ್ಮೆ ಅವ್ವನನ್ನು ಕೇಳಿದೆ. "ಅವರ ಒಲಿ ಅವರಿಗಿ, ನಮ್ಮ ಒಲಿ ನಮಗ. ಹಬ್ಬ ಎಲ್ಲರದು. ಹೋಗು, ತಡಾ ಆಗ್ತದ" ಎಂದಳು.

1972ರ ಬರಗಾಲವನ್ನು ನಿಮ್ಮಲ್ಲಿ ವಯಸ್ಸಾದವರು ಮರೆತಿರಲಾರರು. ಮರಾಠವಾಡಾಕ್ಕೂ ನಮ್ಮ ಗಡಿಸೀಮೆಗೂ ಒಂದೇ ಗತಿ. ಆಗ ನನಗೆ ಹನ್ನೊಂದು ವರ್ಷ. ಅಪ್ಪ, ಅವ್ವ ಇಬ್ಬರೂ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಮನೆಯಲ್ಲಿ ಸರಕಾರಿ ಕೆಂಪು ಜೋಳದ ರೊಟ್ಟಿ. ತಟ್ಟಿದರೆ ಬಿರಿಯುತ್ತಿತ್ತು, ತಿಂದರೆ ಗಂಟಲಲ್ಲಿ ನಿಲ್ಲುತ್ತಿತ್ತು. ಆ ವರ್ಷದ ಹಬ್ಬಕ್ಕೆ ಹೋಳಿಗೆ ಇರಲಿಲ್ಲ, ಭಜ್ಜಿಗೆ ಕಾಳೂ ಇರಲಿಲ್ಲ. ಆದರೂ ಅವ್ವ ಎಲ್ಲಿಂದಲೋ ಪಾವು ಗೋಧಿ, ಒಂದು ಹೆಂಟೆ ಬೆಲ್ಲ ಕೂಡಿಸಿ ಮೊರದಲ್ಲಿಟ್ಟು ಬಟ್ಟೆ ಮುಚ್ಚಿದಳು. ನನಗೆ ಸಿಟ್ಟು ಬಂತು. ಅದರಿಂದ ನಮಗೇ ಒಂದು ತುತ್ತು ಹುಗ್ಗಿಯಾಗುತ್ತಿತ್ತು. ಗೌಡರ ಹಗೇವಿನಲ್ಲಿ ಎಷ್ಟೋ ಇತ್ತು.

ದಾರಿಯಲ್ಲಿ ಬಾವಿಯ ಹತ್ತಿರ ಯಾರೂ ಇರಲಿಲ್ಲ. ಬಟ್ಟೆ ಸರಿಸಿ ಬೆಲ್ಲವನ್ನು ಬಾಯಿಗಿಟ್ಟು ಕಚ್ಚಿದೆ. ಒಂದು ಮೂಲೆ ಮುರಿಯಿತು. ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ಆ ಭಾಗವನ್ನು ಗೋಧಿಯೊಳಗೆ ಹುದುಗಿಸಿ ನಡೆದೆ. ಮೇಲಿನಿಂದ ಸುರಿದಾಗ ಬೆಲ್ಲ ಉರುಳಿ, ಕಚ್ಚಿದ ಮಗ್ಗುಲು ಮೇಲಾಗಿ ಅವರ ಮೊರದ ನಡುವೆ ಕೂತಿತು. ಗೌಡಸಾನಿ ಅದನ್ನು ನೋಡಿದರು, ನನ್ನನ್ನು ನೋಡಿದರು. ಎಂಜಲು! ನನ್ನ ಕಾಲು ನಡುಗುತ್ತಿತ್ತು. ಅವರು ಮೊರವನ್ನೆತ್ತಿಕೊಂಡು, "ಮುಟ್ಟಿತು ಅಂತ ಹೇಳು" ಎಂದು ಒಳಗೆ ಹೋದರು.

ಅಪ್ಪನ ಕೆಲಸ ಹೋಗುತ್ತದೆಂದು ಹೆದರಿ ಎಷ್ಟೋ ರಾತ್ರಿ ನಿದ್ದೆಯಿಲ್ಲದೆ ಕಳೆದೆ. ಮೊಣಕಾಲೂರಿ ಮಾಡಿದ ಪ್ರಾರ್ಥನೆಗಳಲ್ಲಿ ಅಷ್ಟು ಪ್ರಾಮಾಣಿಕವಾದದ್ದನ್ನು ಮತ್ತೆ ನಾನು ಮಾಡಿಲ್ಲ. ಏನೂ ಆಗಲಿಲ್ಲ. 1973ರ ಜನವರಿ ಮೊದಲ ವಾರ ಅಮಾವಾಸ್ಯೆ ಬಂದಾಗ ಅವರ ಮನೆಯಿಂದ ತೆಳುವಾದ ಭಜ್ಜಿ ಬಂತು. ಬರ ಅವರನ್ನೂ ತಟ್ಟಿತ್ತು. ಬೆಲ್ಲದ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ಅವ್ವ ತೀರಿಕೊಳ್ಳುವವರೆಗೂ ಅವಳಿಗೂ ಹೇಳಲಿಲ್ಲ.

ಮುಂದೆ ಓದಿ ಬಸವಕಲ್ಯಾಣದ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರಾದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ದಾಸೋಹ ನಡೆಸಿದ ಊರು ಅದು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿಸಿದ್ದಕ್ಕೆ ಇಬ್ಬರು ಬೀಗರೂ ಪ್ರಾಣ ತೆತ್ತರೆಂಬ ಕಥೆಯನ್ನು ನಾನು ವರ್ಷ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಹೇಳುವಾಗಲೆಲ್ಲ ಕೈಯಲ್ಲಿ ಮೊರ ಹಿಡಿದಂತೆ ಅನಿಸುತ್ತಿತ್ತು. ಒಂದು ಮೈಲಿ ನಡೆದರೆ ಶರಣರ ಹೆಸರಿನ ಗವಿ, ಒಂದು ತಾಸು ಬಸ್ಸಿನಲ್ಲಿ ಹೋದರೆ ನಮ್ಮೂರ ಆ ಬಾಗಿಲು.

ಪಟ್ಟಣದ ಸಂಸಾರದಲ್ಲಿ ಹಬ್ಬವೂ ಬದಲಾಯಿತು. ಬೇಕರಿಯಿಂದ ಕೇಕು ತರಿಸಿ ಶಾಲೆಯಲ್ಲಿ ಹಂಚುತ್ತಿದ್ದೆ. ಎಲ್ಲರೂ ತಿನ್ನುತ್ತಿದ್ದರು, ಕೈಕುಲುಕುತ್ತಿದ್ದರು. ಕಾಲ ಬದಲಾಯಿತೆಂದು ನಾನು ಮನೆಯಲ್ಲಿ ಹೆಮ್ಮೆಯಿಂದ ಹೇಳಿದಾಗ ನನ್ನ ಹೆಂಡತಿ, "ಅದು ಬೇಕರಿಯವರು ಮಾಡಿದ್ದು. ಒಂದ್ ಸಲ ನಾ ಮಾಡಿದ ಹೋಳಿಗಿ ಒಯ್ದು ನೋಡ್ರಿ" ಎಂದಳು. ಒಯ್ದೆ. ಹಲವರು ಸಂತೋಷದಿಂದ ತಿಂದರು. ಒಬ್ಬರಿಗೆ ಅಂದು ಉಪವಾಸವಿತ್ತು. ಇನ್ನೊಬ್ಬರು ಮನೆಗೆ ಒಯ್ಯುತ್ತೇನೆಂದು ಕಾಗದದಲ್ಲಿ ಸುತ್ತಿಕೊಂಡರು. ಸಂಜೆ ಅದು ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು. ಆಗ ನನಗೆ ತಿಳಿಯಿತು, ಕೇಕು ನಮ್ಮ ಕಾಲದ ಪಡಿ. ನಮ್ಮ ಒಲೆಯ ಬಿಸಿ ತಾಗದ್ದರಿಂದಲೇ ಅದು ಎಲ್ಲ ಮನೆಗಳಿಗೂ ಸಲ್ಲುತ್ತದೆ. ಕೇಕನ್ನು ನಾನು ಹಳಿಯುತ್ತಿಲ್ಲ. ನನ್ನ ಮೊಮ್ಮಕ್ಕಳಿಗೆ ಅದಿಲ್ಲದೆ ಹಬ್ಬವಿಲ್ಲ. ಆದರೆ ಅದನ್ನು ಹಂಚಿ ದೊಡ್ಡ ಕಾರ್ಯ ಮಾಡಿದೆನೆಂದು ತಿಳಿದಿದ್ದೆನಲ್ಲ, ಅದಕ್ಕಾಗಿ ಈಗ ನಾಚಿಕೆಯಾಗುತ್ತದೆ.

ಪ್ರೇಷಿತರ ಕಾರ್ಯಕಲಾಪಗಳನ್ನು ಆ ಮೇಲೆ ನಾನು ಬೇರೆಯಾಗಿ ಓದಿದೆ. ಯೊಪ್ಪದಲ್ಲಿ ಮಾಳಿಗೆಯ ಮೇಲೆ ಪೇತ್ರನಿಗೆ ದರ್ಶನವಾಗುವುದು ಮಧ್ಯಾಹ್ನ, ಹಸಿವಾದ ಹೊತ್ತಿನಲ್ಲಿ. ಕೊರ್ನೇಲಿಯನ ಮನೆಗೆ ಹೋಗಿಬಂದ ಮೇಲೆ ಜೆರುಸಲೇಮಿನವರು ಅವನನ್ನು ಆಕ್ಷೇಪಿಸುವುದು ಬೋಧನೆ ಮಾಡಿದ್ದಕ್ಕಲ್ಲ, ಆ ಮನೆಯವರೊಡನೆ ಕೂತು ಉಂಡಿದ್ದಕ್ಕೆ. ಬೆತ್ಲೆಹೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ಬಾಲಯೇಸುವನ್ನು ಮಲಗಿಸಿದ ಗೋದಲಿಯೂ ದನಗಳು ಮೇವು ತಿನ್ನುವ ಜಾಗ. ಆದರೂ ನಮ್ಮ ಸಭೆಗಳೊಳಗೆ ಇಂದಿಗೂ ಯಾರ ಮನೆಯ ಮದುವೆಯಲ್ಲಿ ಯಾರು ಉಣ್ಣದೆ ಎದ್ದುಹೋಗುತ್ತಾರೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಬೇರೆಯವರ ಬಾಗಿಲನ್ನಷ್ಟೇ ದೂರಿದರೆ ಆಗದು.

2019ರಲ್ಲಿ ಡಿಸೆಂಬರ್ 26ಕ್ಕೆ ಎಳ್ಳ ಅಮಾವಾಸ್ಯೆ. ಅಂದೇ ಬೆಳಿಗ್ಗೆ ಸೂರ್ಯಗ್ರಹಣ. ಗ್ರಹಣದ ದಿನ ಬುತ್ತಿ ಬೇಡವೆಂದು ಗೌಡರ ಮನೆಯವರು 25ಕ್ಕೇ ಹೊಲಕ್ಕೆ ಹೊರಟಿದ್ದರು. ನಾನು ಆರಾಧನೆ ಮುಗಿಸಿ, ಅಪ್ಪ ಅವ್ವನ ಸಮಾಧಿಗೆ ಹೂ ಇಡಲು ಊರಿಗೆ ಹೋಗಿದ್ದೆ. ಕೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ತಾಟು ಇತ್ತು. ಅದರಲ್ಲಿ ಶೇಂಗಾ ಹೋಳಿಗೆ, ಜೊತೆಗೆ ಮಂಗಳೂರಿನ ಕಡೆಯವಳಾದ ನಮ್ಮ ಸೊಸೆ ಮಾಡಿದ ಕುಸ್ವಾರ. ಅವಳು ನೆವ್ರಿ ಎಂದು ಕರೆಯುವುದು ನಮ್ಮ ಕರ್ಜಿಕಾಯಿಯೇ, ಒಳಗೆ ಅದೇ ಎಳ್ಳು, ಅದೇ ಕೊಬ್ಬರಿ. ಅತ್ತಾರ ಮಾಮಾನ ಮಕ್ಕಳಿಗೆ ಕೊಟ್ಟು ಉಳಿದದ್ದನ್ನು ಹಿಡಿದು ಗೌಡರ ಮನೆಯ ಮುಂದೆ ಏಕೆ ನಿಂತೆನೋ ಹೇಳಲಾರೆ. ಹೊಸ್ತಿಲಲ್ಲಿಯೇ ನಿಂತೆ, ಹಳೆಯ ರೂಢಿ.

ಮನೆಯಲ್ಲಿ ಇದ್ದವರು ಇಬ್ಬರೇ: ಎಂಬತ್ತೈದು ದಾಟಿದ ಗೌಡಸಾನಿ ಮತ್ತು ಅವರನ್ನು ನೋಡಿಕೊಳ್ಳಲು ಉಳಿದ ಕಿರಿಯ ಸೊಸೆ. ಅವರಿಗೆ ಕಣ್ಣು ಮಂಜಾಗಿತ್ತು. ಯಾರೆಂದು ಕೇಳಿದರು. ಅವ್ವನ ಹೆಸರು ಹೇಳಿ, ಅವಳ ಮಗ ಎಂದೆ.

"ಬೆಲ್ಲ ಕಡದಾಂವ ಏನು?" ಎಂದರು.

ನಲವತ್ತೇಳು ವರ್ಷವಾಗಿತ್ತು, ವಾಚಕರೇ! ನಾನು ಶಾಲೆಯ ಹುಡುಗನಂತೆ ತಲೆತಗ್ಗಿಸಿದೆ. ಅವರು ನಕ್ಕರು. ಒಳಗೆ ಬಂದು ಕೂಡೆಂದರು. ಕೈಯಲ್ಲಿ ಏನೆಂದು ಕೇಳಿದರು.

"ಹೋಳಿಗಿ ರೀ ಎವ್ವಾ. ಮನ್ಯಾಗ ಮಾಡಿದ್ದು" ಎಂದೆ. ಕೊನೆಯ ಮಾತನ್ನು ಬೇಕೆಂದೇ ಹೇಳಿದೆ, ಆಮೇಲೆ ನಿರಾಕರಿಸುವ ದಾರಿ ಅವರಿಗೆ ಇರಲಿ ಎಂದು.

ಅವರು ಕೈ ಚಾಚಿದರು. "ಹಲ್ಲಿಲ್ಲ ನನಗ. ಮುರದು ಕೊಡು."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಮುರಿದು ಕೊಟ್ಟೆ. ನಿಧಾನವಾಗಿ ತಿಂದರು, ಎರಡನೆಯ ಚೂರಿಗೂ ಕೈ ಚಾಚಿದರು. ನನ್ನ ಅವ್ವ ಈ ಹೋಳಿಗೆಯನ್ನು ಹೇಗೆ ಮಾಡುತ್ತಿದ್ದಳೆಂದು ಕೇಳಿದರು. ಶೇಂಗಾ ಹುರಿದು ಕುಟ್ಟುವಾಗ ಒಂದಿಷ್ಟು ಎಳ್ಳೂ ಹಾಕುತ್ತಿದ್ದಳೆಂದೆ. "ಗೊತ್ತೇ ಇರಲಿಲ್ಲ ನೋಡು" ಎಂದರು. ಇಷ್ಟೇ ನಡೆದದ್ದು. ಮನೆಯವರೆಲ್ಲ ಇದ್ದಿದ್ದರೆ ಹೀಗಾಗುತ್ತಿತ್ತೋ ಇಲ್ಲವೋ, ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮತ್ತೆ ಅವರನ್ನು ನೋಡಲಾಗಲಿಲ್ಲ. 2020ರ ಲಾಕ್‌ಡೌನಿನ ದಿನಗಳಲ್ಲಿ ತೀರಿಕೊಂಡರು, ಮಣ್ಣಿಗೂ ನಾನು ಹೋಗಲಾಗಲಿಲ್ಲ.

ಹೊರಡುವಾಗ ಸೊಸೆ ನಮ್ಮ ತಾಟನ್ನು ಕೈಯಿಂದ ಈಸಿಕೊಂಡು ಒಳಗೆ ಹೋದಳು. ನಮ್ಮ ಕಡೆ ಹಬ್ಬದ ದಿನ ತಾಟನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಹೊಲಕ್ಕೆ ಕಟ್ಟಿ ಉಳಿದಿದ್ದ ಭಜ್ಜಿಯನ್ನು ಅದರಲ್ಲಿ ತುಂಬಿ, ಮೇಲೆ ಎರಡು ಸಜ್ಜೆ ರೊಟ್ಟಿ ಮುಚ್ಚಿ, ನೇರವಾಗಿ ನನ್ನ ಕೈಗೆ ಕೊಟ್ಟಳು. ಬಸವಕಲ್ಯಾಣದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಪ್ರತಿ ತಗ್ಗಿಗೂ ಹುಣಸೆಹುಳಿ ಸೋರಿ ಹಬ್ಬದ ಹೊಸ ಅಂಗಿಯೆಲ್ಲ ಹಳದಿಯಾಯಿತು. ಹೆಂಡತಿ ಮೊದಲು ಬೈದಳು, ಆಮೇಲೆ ರೊಟ್ಟಿ ಎತ್ತಿ ನೋಡಿ, ಎಲ್ಲರಿಗೂ ತಾಟು ಹಾಕಿದಳು.