ಸೆಂಟ್ರಲ್‌ಗೂ ಅಣ್ಣ ಈ ರಾಯಪುರಂ!

ಹೀರೋ ಊರು ಬಿಟ್ಟು ಮದ್ರಾಸಿಗೆ ಬಂದ ಅಂತ ಸಿನಿಮಾದಲ್ಲಿ ತೋರಿಸಬೇಕೆ? ಸೆಂಟ್ರಲ್ ಸ್ಟೇಷನ್ನಿನ ಗಡಿಯಾರದ ಗೋಪುರ, ಒಂದೇ ಶಾಟ್, ಮುಗೀತು! ಆದರೆ ಗೆಳೆಯರೇ, 1873ರ ಆ ಸೆಂಟ್ರಲ್‌ಗೆ ಹದಿನೇಳು ವರ್ಷ ದೊಡ್ಡವನಾದ ಅಣ್ಣನೊಬ್ಬ ಕಡಲ ಮಗ್ಗುಲಲ್ಲಿ ಸುಮ್ಮನೆ ನಿಂತಿದ್ದಾನೆ. ಹೆಸರು ರಾಯಪುರಂ.

ಇದನ್ನು ನನಗೆ ಹೇಳಿದ್ದು ಪುಸ್ತಕ ಅಲ್ಲ, ನಮ್ಮ ಸೋದರಮಾವ. 1974ರಲ್ಲಿ ಚಾನ್ಸ್ ಹುಡುಕಿಕೊಂಡು ಮನೆ ಬಿಟ್ಟು ಓಡಿದವರು. ಆಗ ಕನ್ನಡ ಚಿತ್ರಗಳ ಸ್ಟುಡಿಯೋ ಕೆಲಸವೆಲ್ಲ ಹೆಚ್ಚಾಗಿ ಮದ್ರಾಸಿನಲ್ಲೇ. ಕೋಡಂಬಾಕ್ಕಂನಲ್ಲಿ ಯಾವ ಗೇಟೂ ತೆರೆಯಲಿಲ್ಲ, ಜೇಬು ಮಾತ್ರ ಖಾಲಿಯಾಯ್ತು. "ಹಗಲೆಲ್ಲ ಮೀನಿನ ಬುಟ್ಟಿ ಹೊರೋದು, ರಾತ್ರಿ ರಾಯಪುರಂ ಸ್ಟೇಷನ್ ಕಂಬಕ್ಕೆ ಒರಗಿ ಮಲಗೋದು. ಇಪ್ಪತ್ತು ದಿನ ಕಣೋ" ಅಂತ ಹೋದ ವರ್ಷ ಮೊದಲ ಸಲ ಬಾಯಿಬಿಟ್ಟರು. ಆ ಕಂಬ ನೋಡಲೇಬೇಕು ಅನ್ನಿಸಿತು. ಹೊರಟೆ.

ಚೆನ್ನೈ ಬೀಚ್ ಸ್ಟೇಷನ್ನಿನಲ್ಲಿ ಲೋಕಲ್ ಟ್ರೈನ್ ಹತ್ತಿದರೆ ಮುಂದಿನ ಸ್ಟಾಪೇ ರಾಯಪುರಂ. ಇಳಿದರೆ ಉಪ್ಪುಗಾಳಿ, ಮೀನಿನ ವಾಸನೆ. ಎದುರಿಗೆ ಕೆಂಪು ಗೋಡೆಯ ಉದ್ದನೆ ಕಟ್ಟಡ, ಮುಂದೆ ಬಿಳಿ ಕಂಬಗಳ ಸಾಲು. ಗೋಪುರ ಇಲ್ಲ, ಗುಮ್ಮಟ ಇಲ್ಲ. ಗ್ರೀಕರ ಗುಡಿಯ ಕಂಬಗಳನ್ನು ತಂದು ದೊಡ್ಡ ದೊರೆಯ ಬಂಗಲೆಗೆ ನಿಲ್ಲಿಸಿದಂತಿದೆ. ಕಂಬಗಳ ಹಿಂದೆ ತಣ್ಣನೆ ನೆರಳು. ಮದ್ರಾಸಿನ ಬಿಸಿಲಲ್ಲಿ ರೈಲಿಗೆ ಕಾಯುವವನಿಗೆ ಇನ್ನೇನು ಬೇಕು ಹೇಳಿ!

1856ರ ಜುಲೈ 1ರಿಂದ ಇಲ್ಲಿ ರೈಲು ಓಡಾಟ ಶುರು. ದಕ್ಷಿಣ ಭಾರತಕ್ಕೇ ಮೊದಲ ಪ್ರಯಾಣಿಕರ ರೈಲು, ಸುಮಾರು ನೂರು ಕಿಲೋಮೀಟರ್ ದೂರದ ವಾಲಾಜಾ ರೋಡ್‌ವರೆಗೆ. ಕಡಲಂಚಿನಲ್ಲೇ ಯಾಕೆ? ಆಗ ಮದ್ರಾಸಿಗೆ ಬಂದರು ಕಟ್ಟೆಯೇ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕೋದು, ಜನ, ಸಾಮಾನು ಎರಡೂ ದೋಣಿಯಲ್ಲಿ ಅಲೆ ದಾಟಿ ದಡಕ್ಕೆ ಬರೋದು. ದಡಕ್ಕೂ ಕೋಟೆಗೂ ಪೇಟೆಗೂ ಹತ್ತಿರ ಈ ಜಾಗ. ಬೊಂಬಾಯಿ, ಹೌರಾಗಳ ಮೊದಲ ಸ್ಟೇಷನ್ ಕಟ್ಟಡಗಳು ಹೋಗಿ ಅಲ್ಲಿ ಹೊಸವು ಎದ್ದವು. ಇದು ಮಾತ್ರ ಉಳಿಯಿತು.

ನಮಗೂ ಇದು ಪರಕೀಯ ಅಲ್ಲ. 1864ರಲ್ಲಿ ಜೋಲಾರಪೇಟೆ ದಾರಿಯಾಗಿ ಬೆಂಗಳೂರು ದಂಡಿಗೆ ರೈಲು ಬಂತು. ಸೆಂಟ್ರಲ್ ಹುಟ್ಟುವವರೆಗೆ ನಮ್ಮವರು ಮದ್ರಾಸಿಗೆ ಹೋದರೆ ಆ ಹಳಿ ಮುಗಿಯುತ್ತಿದ್ದದ್ದು ಇಲ್ಲೇ. ಸೆಂಟ್ರಲ್ ಬಂದ ಮೇಲೆ ಅಣ್ಣ ಮೂಲೆಗೆ ಸರಿದ.

2005ರಲ್ಲಿ ರಿಪೇರಿ ಮಾಡಿ ಬಣ್ಣ ಬಳಿದರು. ಆದರೂ ನಾನು ನಿಂತಿದ್ದ ಒಂದು ಗಂಟೆಯಲ್ಲಿ ಲೋಕಲ್ ಇಳಿದ ಒಬ್ಬನೂ ತಲೆ ಎತ್ತಿ ನೋಡಲಿಲ್ಲ. ಕಂಬಗಳ ಫೋಟೋ ತೆಗೆದು ಮಾವನ ಫೋನಿಗೆ ಕಳಿಸಿ, "ಯಾವುದು ಮಾವ ನಿಮ್ಮ ಕಂಬ?" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಣ್ಣ ಚೆನ್ನಾಗಿ ಹೊಡೆದಿದ್ದಾರೆ ಕಣೋ... ಯಾವುದಾದರೇನು, ಬೀಳದೆ ನಿಂತಿವೆಯಲ್ಲ, ಅಷ್ಟು ಸಾಕು" ಅಂದರು.

ಕ್ಯಾಮೆರಾ ಹಿಡಿದ ಗೆಳೆಯರೇ, ಮುಂದಿನ ಸಲ ಸೆಂಟ್ರಲ್ ಶಾಟ್ ಮುಗಿದ ಮೇಲೆ ಒಂದರ್ಧ ದಿನ ಈ ಕಡೆಯೂ ಬನ್ನಿ. ಹೀರೋ ಆಗದೆ ಊರಿಗೆ ಹಿಂತಿರುಗಿದವರ ಸ್ಟೇಷನ್ನೂ ಒಮ್ಮೆ ತೆರೆಯ ಮೇಲೆ ಬರಲಿ!