ಮೂಳೆಯ ಮೇರು

ಬೇಸ್ ಗಿಟಾರಿನ ನಟ್ ಅಂದರೆ ಬೋಲ್ಟಿನ ಜೊತೆಗಾರನಲ್ಲ. ತಂತಿಗಳು ಬಿರಡೆಗಳ ಕಡೆ ಹೊರಳುವ ಮುನ್ನ ಹಾಯುವ, ನಾಲ್ಕು ಕಚ್ಚುಗಳಿರುವ ಪುಟ್ಟ ಪಟ್ಟಿ. ವೀಣೆಯವರು ಇದನ್ನು ಮೇರು ಅನ್ನುತ್ತಾರೆ. ಆ ಹೆಸರೇ ಚೆಂದ. ನನ್ನ ಬೇಸಿನಲ್ಲಿದ್ದದ್ದು ಪ್ಲಾಸ್ಟಿಕ್ಕಿನದು, ಒಳಗೆ ಟೊಳ್ಳು. ಸುರುಳಿ ಸುತ್ತಿದ ಉಕ್ಕಿನ ತಂತಿ ಅರದ ಹಾಗೆ. ಪ್ರತಿ ಸಲ ಶ್ರುತಿ ಮಾಡುವಾಗಲೂ ಒಂದಿಷ್ಟು ತಿನ್ನುತ್ತದೆ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಕಚ್ಚು ಆಳವಾಗಿ, ತಂತಿ ಮೊದಲನೇ ಫ್ರೆಟ್‌ಗೆ ತಾಗಿ ಗಿರ್ ಅನ್ನತೊಡಗಿತು. ತಂಬೂರಿಯಲ್ಲಾದರೆ ಇಂಥ ಝೇಂಕಾರಕ್ಕೆಂದೇ ನೂಲು ಸಿಕ್ಕಿಸುತ್ತೇವೆ. ಸೆಕೆಂಡಿಗೆ 41 ಸಲ ಕಂಪಿಸುವ ಇ ಸ್ವರಕ್ಕೆ ಅದು ಬರೀ ಕೆಮ್ಮು.

ಬೆರಳಿಟ್ಟು ಒತ್ತಿದ ಸ್ವರಕ್ಕೆ ನಟ್ ಲೆಕ್ಕಕ್ಕಿಲ್ಲ, ಅಲ್ಲಿ ಫ್ರೆಟ್ಟೇ ಗಡಿ. ಹಾಗಾಗಿ ನಟ್ ಬದಲಿಸಿದರೆ ಇಡೀ ವಾದ್ಯದ ದನಿಯೇ ಬದಲಾಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ನನಗೆ ಬೇಕಿದ್ದದ್ದು ಬಾಳಿಕೆ. ಹಿತ್ತಾಳೆ ಬಾಳುತ್ತದೆ, 1970ರ ದಶಕದಲ್ಲಿ ಅದರ ಮೋಹವೂ ಜೋರಾಗಿತ್ತು. ಆದರೆ ಕೊರೆಯಲು ಸತಾಯಿಸುತ್ತದೆ. ಗ್ರಾಫ್ ಟೆಕ್‌ನವರ ಟಸ್ಕ್ ಎಂಬ ಕೃತಕ ದಂತವೂ ಇದೆ. ಉಳಿದದ್ದು ದನದ ಮೂಳೆ. ಗಟ್ಟಿ, ಆದರೂ ಅರಕ್ಕೆ ಬಗ್ಗುತ್ತದೆ. ಕಚ್ಚು ಸವೆದರೆ ಮೂಳೆಯ ಪುಡಿಗೇ ಸೂಪರ್ ಗ್ಲೂ ಹಾಕಿ ತುಂಬಿ, ಮತ್ತೆ ಕೊರೆಯಬಹುದು.

ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. “ಪ್ಲಾಸ್ಟಿಕ್ಕೇ ಹಾಕು” ಅಂದರು ಅಪ್ಪ.

ಅಪ್ಪ ಮೃದಂಗ ನುಡಿಸುತ್ತಾರೆ. ದೇವರಕೋಣೆಯ ಪಕ್ಕದಲ್ಲೇ ಇರುವ ಆ ಮೃದಂಗಕ್ಕೆ ಹಸು, ಆಡು, ಎಮ್ಮೆ ಮೂರರ ಚರ್ಮವೂ ಬೇಕು. ಹದ ಮಾಡುವ ಕೈಗಳು ಬೇರೆ ಕೇರಿಯವು. ನಮ್ಮ ಹೊಸ್ತಿಲು ದಾಟುವ ಹೊತ್ತಿಗೆ ಅದರ ಹೆಸರು ವಾದ್ಯ ಎಂದಾಗಿರುತ್ತದೆ. ನನ್ನ ಮೂಳೆಯನ್ನಾದರೋ ನಾನೇ ಇಲ್ಲಿ ಕೂತು ಉಜ್ಜಬೇಕು. ಉಜ್ಜಿದರೆ ಹಲ್ಲಿನ ಡಾಕ್ಟರ ಕೋಣೆಯ ವಾಸನೆ ಏಳುತ್ತದೆ. ಆ ವಾಸನೆ ಮೃದಂಗಕ್ಕೂ ಒಂದು ಕಾಲಕ್ಕೆ ಇದ್ದಿರಬೇಕು, ನಮ್ಮ ಮೂಗಿಗೆ ಬಿದ್ದಿಲ್ಲ ಅಷ್ಟೆ. ಜಾತಿಯ ಬಗ್ಗೆ ಸೆಮಿನಾರುಗಳಲ್ಲಿ ಎಷ್ಟೋ ಕೇಳಿದ್ದೇನೆ. ಇದನ್ನು ಅಪ್ಪನೆದುರು ಹೇಳುವುದು ಅದಕ್ಕಿಂತ ಕಷ್ಟವಾಯಿತು.

ಹೇಳಿದೆ. ಅವರು ಜಗಳವಾಡಲಿಲ್ಲ, ಒಪ್ಪಲೂ ಇಲ್ಲ. ಎರಡು ದಿನ ಬಿಟ್ಟು, “ಉಜ್ಜುವುದಿದ್ದರೆ ಹಿತ್ತಿಲಲ್ಲಿ ಉಜ್ಜು” ಅಂದರು.

ಇ ತಂತಿಯ ದಪ್ಪಕ್ಕೆ ಹೊಂದುವ ಅರ ದುಬಾರಿ. ಫೆಲೋಶಿಪ್ ಬರುವ ತನಕ ಹಳೆಯ ತಂತಿಯ ತುಂಡಿನಲ್ಲೇ ಕಚ್ಚು ಕೊರೆಯುತ್ತಿದ್ದೇನೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು.