ಹಗಲು ಹಕ್ಕಿಗೆ, ಇರುಳು ಬಾವಲಿಗೆ

ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣಕ್ಕಿರುವ ಟೂಸಾನ್ ಮರುಭೂಮಿಯ ಊರು. ಅಲ್ಲಿಂದ ಮೆಕ್ಸಿಕೊ ಗಡಿ ಸುಮಾರು ನೂರು ಕಿಲೋಮೀಟರ್. ಊರಿನ ಪೂರ್ವಕ್ಕೂ ಪಶ್ಚಿಮಕ್ಕೂ ಸಗ್ವಾರೊ ರಾಷ್ಟ್ರೀಯ ಉದ್ಯಾನದ ಎರಡು ಭಾಗಗಳಿವೆ. ಸಗ್ವಾರೊ ಎಂದರೆ ಕೈ ಎತ್ತಿ ನಿಂತ ಮನುಷ್ಯನಂತೆ ಕಾಣುವ ದೈತ್ಯ ಕಳ್ಳಿ. ನಮ್ಮ ತೆಂಗಿನ ಮರದಷ್ಟು ಎತ್ತರ ಬೆಳೆಯುತ್ತದೆ, ಆದರೆ ಬಲು ನಿಧಾನ. ಒಂದು ಕೈ ಮೂಡಲು ಐವತ್ತು ವರ್ಷಕ್ಕೂ ಹೆಚ್ಚು ಬೇಕಂತೆ. ನನ್ನ ವಯಸ್ಸಿನ ಕಳ್ಳಿಗಳಿಗೆ ಆಗತಾನೇ ಕೈ ಮೂಡುತ್ತಿತ್ತು!

ಮರುಭೂಮಿ ಎಂದರೆ ಬರೀ ಮರಳು ಅಂದುಕೊಳ್ಳಬೇಡಿ ಮಕ್ಕಳೇ. ನಾನು ಮಗಳ ಮನೆಗೆ ಹೋದದ್ದು ಆಗಸ್ಟ್ ತಿಂಗಳಲ್ಲಿ. ಅಲ್ಲಿ ಅದು ಮಳೆಗಾಲ. ಅಲ್ಲಿಯವರೂ ಅದನ್ನು ‘ಮಾನ್ಸೂನ್’ ಎಂದೇ ಕರೆಯುತ್ತಾರೆ. ಮಧ್ಯಾಹ್ನ ಗುಡುಗು, ಸಂಜೆ ಒಂದು ಗಂಟೆ ಜಡಿಮಳೆ. ಮಳೆ ನಿಂತ ಮೇಲೆ ಪೊದೆಗಳಿಂದ ಏಳುವ ಪರಿಮಳ ನಮ್ಮ ಮೊದಲ ಮಳೆಯ ಮಣ್ಣಿನ ವಾಸನೆಯನ್ನು ನೆನಪಿಸುತ್ತದೆ.

ಅಲ್ಲಿ ಬಹಳ ಮನೆಗಳ ಸೂರಿನಲ್ಲಿ ಕೆಂಪು ಬುಡದ ಬಾಟಲಿಯೊಂದು ತೂಗುತ್ತಿರುತ್ತದೆ. ಅದು ಹಮ್ಮಿಂಗ್ ಬರ್ಡ್‌ಗಳಿಗೆ ಇಟ್ಟ ಸಕ್ಕರೆ ನೀರು. ನಮ್ಮಲ್ಲಿ ಹೂವಿನ ಮಕರಂದ ಹೀರುವ ಸೂರಕ್ಕಿ ಇದೆಯಲ್ಲ, ಅಂಥದೇ ಕೆಲಸದ, ಆದರೆ ಬೇರೆಯೇ ಕುಲದ ಹಕ್ಕಿ. ನಮ್ಮ ದೇಶದಲ್ಲಿ ಇಲ್ಲ. ಅಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಜಾತಿಯ ತೂಕ ಸುಮಾರು 4 ಗ್ರಾಂ. ಗಾಳಿಯಲ್ಲಿ ನಿಂತಲ್ಲೇ ನಿಂತು, ರೆಕ್ಕೆಯಿಂದ ಝೇಂಕರಿಸುತ್ತಾ ಕುಡಿಯುತ್ತದೆ.

ಸಕ್ಕರೆ ನೀರಿನ ಲೆಕ್ಕ ಸುಲಭ. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು. “ಬೆಲ್ಲ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ?” ಎಂದು ನಾನು ಕೇಳಿದೆ. “ಬೇಡಮ್ಮ, ಬೆಲ್ಲ, ಜೇನು, ಕೆಂಪು ಬಣ್ಣ ಯಾವುದೂ ಆಗಬಾರದು. ಬರೀ ಬಿಳಿ ಸಕ್ಕರೆ” ಎಂದಳು ಮಗಳು. ಬಿಸಿಲ ದಿನಗಳಲ್ಲಿ ಒಂದೆರಡು ದಿನಕ್ಕೊಮ್ಮೆ ಬಾಟಲಿ ತೊಳೆದು ಹೊಸ ನೀರು ತುಂಬಬೇಕು.

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಖಾಲಿ ಬಾಟಲಿ ಹಿಡಿದು ಬೇಲಿಯ ಹತ್ತಿರ ಬಂದರು. ಮೂರು ದಿನದಿಂದ ರಾತ್ರಿ ತುಂಬಿಸಿಟ್ಟದ್ದು ಬೆಳಗಾಗುವುದರಲ್ಲಿ ಬರಿದು! ಕೆಳಗೆಲ್ಲ ಅಂಟು, ಅಂಟಿಗೆ ಇರುವೆ. “ಬಾವಲಿಗಳ ಕಾಟ. ಬಲೆ ಕಟ್ಟಿಬಿಡಲೇ?” ಎಂದು ಮಗಳನ್ನು ಕೇಳಿದರು.

ಅವರ ಸಂಕಟ ಸಣ್ಣದಲ್ಲ. ಹಮ್ಮಿಂಗ್ ಬರ್ಡ್ ರಾತ್ರಿಯಲ್ಲಿ ಮೈಯ ಬಿಸಿಯನ್ನೇ ಇಳಿಸಿಕೊಂಡು, ಅರೆಜೀವದಂತೆ ನಿದ್ರಿಸಿ ಶಕ್ತಿ ಉಳಿಸುತ್ತದೆ. ಬೆಳಕು ಹರಿಯುತ್ತಲೇ ಅದಕ್ಕೆ ಹೊಟ್ಟೆಗೆ ಬೀಳಲೇಬೇಕು. ಅಷ್ಟರಲ್ಲಿ ಬಾಟಲಿ ಖಾಲಿ.

“ಬಲೆ ಮಾತ್ರ ಬೇಡ. ಬಾವಲಿಯೂ ಸಿಕ್ಕಿಕೊಳ್ಳುತ್ತದೆ, ಹಕ್ಕಿಯೂ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಸವರುವುದೂ ಬೇಡ, ಪುಕ್ಕಕ್ಕೆ ಅಂಟಿದರೆ ಹಕ್ಕಿ ಹಾರಲಾರದು. ಸೂರ್ಯ ಮುಳುಗುತ್ತಲೇ ಬಾಟಲಿ ಒಳಗೆ ತನ್ನಿ, ನಸುಕಿಗೇ ಹೊರಗಿಡಿ. ಅಷ್ಟೇ ಸಾಕು” ಎಂದಳು ಮಗಳು. ಖರ್ಚಿಲ್ಲದ ಉಪಾಯ. ಆದರೆ ನಸುಕಿಗೆ ಏಳಬೇಕು!

ಆ ರಾತ್ರಿ ನಾವು ನಮ್ಮ ಬಾಟಲಿಯನ್ನು ಹೊರಗೇ ಬಿಟ್ಟು, ದೀಪ ಆರಿಸಿ ಜಗಲಿಯಲ್ಲಿ ಕುಳಿತೆವು. ಎಂಟು ಗಂಟೆಯ ಹೊತ್ತಿಗೆ ಕತ್ತಲಿನಿಂದ ಒಂದು ನೆರಳು ಸುಯ್ಯನೆ ಬಂದು ಬಾಟಲಿಗೆ ಮೂತಿ ತಾಗಿಸಿ ಹೋಯಿತು. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಹಿಂದೆಯೇ ಇನ್ನೊಂದು, ಮತ್ತೊಂದು. ಬಾಟಲಿಯೊಳಗೆ ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು.

“ಅಜ್ಜಿ, ಇದು ಕಳ್ಳತನ ಅಲ್ವಾ?” ಎಂದು ಪಿಸುಗುಟ್ಟಿದಳು ಮೊಮ್ಮಗಳು.

“ಕಳ್ಳ ಯಾರು ಅಂತ ತೀರ್ಮಾನ ಮಾಡುವ ಮೊದಲು ಅದರ ಕಥೆ ಕೇಳು ಪುಟ್ಟಿ” ಎಂದಳು ಮಗಳು. ಆ ಕಥೆಯನ್ನು ನಿಮಗೂ ಹೇಳುತ್ತೇನೆ.

ಅಮೆರಿಕದ ಬಹುಪಾಲು ಬಾವಲಿಗಳು ಹುಳು ತಿನ್ನುವಂಥವು, ಸಕ್ಕರೆ ನೀರಿನ ತಂಟೆಗೇ ಬರುವುದಿಲ್ಲ. ಮಕರಂದ ಕುಡಿಯುವ ಎರಡು ಜಾತಿಗಳು ಮಾತ್ರ ಈ ದಕ್ಷಿಣ ಅರಿಜೋನಾದ ಬಾಟಲಿಗಳಿಗೆ ಬರುತ್ತವೆ. ಅವುಗಳಲ್ಲಿ ಉದ್ದ ಮೂಗಿನ ಬಾವಲಿ ಮುಖ್ಯವಾದುದು. ಉದ್ದ ಮೂತಿ, ಬ್ರಷ್ಷಿನಂಥ ತುದಿಯ ನಾಲಗೆ. ವಸಂತದಲ್ಲಿ ಬಸುರಿ ಬಾವಲಿಗಳು ಮೆಕ್ಸಿಕೊದಿಂದ ಗಡಿ ದಾಟಿ ಬಂದು ಒಂದೊಂದೇ ಮರಿ ಹಾಕುತ್ತವೆ. ಆಗ ಸಗ್ವಾರೊ ಹೂವಿನ ಕಾಲ. ಆ ಬಿಳಿ ಹೂವು ಅರಳುವುದೇ ರಾತ್ರಿ, ಮರುದಿನ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಮಕರಂದ ಕುಡಿಯುವಾಗ ಬಾವಲಿಯ ಮುಖಕ್ಕೆಲ್ಲ ಪರಾಗ ಮೆತ್ತಿಕೊಂಡು ಮುಂದಿನ ಕಳ್ಳಿಗೆ ತಲುಪುತ್ತದೆ. ಮುಂದೆ ಹಣ್ಣು ತಿಂದು ಬೀಜವನ್ನೂ ಹರಡುತ್ತದೆ. ಬೇಸಿಗೆಯ ಕೊನೆಗೆ ಅವು ಹೂಬಿಟ್ಟ ಕತ್ತಾಳೆ ಹುಡುಕಿಕೊಂಡು ಟೂಸಾನ್ ಕಡೆಯ ಬೆಟ್ಟಗಳಿಗೆ ಬರುತ್ತವೆ. ಶರತ್ಕಾಲದಲ್ಲಿ ಮೆಕ್ಸಿಕೊಗೆ ಮರಳುವ ಮುನ್ನ ಹೊಟ್ಟೆ ತುಂಬಿಸಿಕೊಳ್ಳಬೇಕು. ಬಾಟಲಿಗಳು ಖಾಲಿಯಾಗುವುದು ಆಗಲೇ.

ಕತ್ತಾಳೆ ಎಂದಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಬೇಲಿಯಾಗಿ ನಿಂತು, ಹಗ್ಗಕ್ಕೆ ನಾರು ಕೊಟ್ಟ ಗಿಡ ಅದೇ ಕುಲದ್ದು, ಅದರ ತವರೂ ಮೆಕ್ಸಿಕೊ ಕಡೆಯೇ. ಹಲವು ವರ್ಷ ಸುಮ್ಮನಿದ್ದು, ಒಮ್ಮೆ ಮಾತ್ರ ಕಂಬದಂಥ ಹೂಗೊನೆ ಎತ್ತಿ ಸತ್ತುಹೋಗುತ್ತದೆ. ಮೆಕ್ಸಿಕೊದಲ್ಲಿ ಟಕೀಲಾ ಎಂಬ ಮದ್ಯ ತೆಗೆಯಲು ಕತ್ತಾಳೆಯನ್ನು ಹೂಬಿಡುವ ಮೊದಲೇ ಕಡಿಯುತ್ತಾರೆ. ಹೂವಿಲ್ಲದಿದ್ದರೆ ಬಾವಲಿಗೆ ದಾರಿಯೂಟವೂ ಇಲ್ಲ.

1988ರಲ್ಲಿ ಈ ಬಾವಲಿಯನ್ನು ಅಮೆರಿಕ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದಾಗ ಲೆಕ್ಕಕ್ಕೆ ಸಿಕ್ಕವು ಸಾವಿರಕ್ಕೂ ಕಡಿಮೆ. ಎರಡೂ ದೇಶಗಳವರು ಅವು ವಾಸಿಸುವ ಗುಹೆಗಳನ್ನೂ ಗಣಿಗಳನ್ನೂ ಕಾಪಾಡಿದರು. ಟೂಸಾನ್ ಸುತ್ತಮುತ್ತಲಿನ ಮನೆಯವರು ಒಂದು ಪುಟ್ಟ ಕೆಲಸ ಮಾಡಿದರು. ಬಾಟಲಿಯನ್ನು ರಾತ್ರಿ ಹೊರಗೇ ಬಿಟ್ಟು, ಎಷ್ಟು ನೀರು ಇಳಿಯಿತು, ಯಾವ ದಿನ ಬಾವಲಿ ಬಂತು, ಯಾವ ದಿನದಿಂದ ನಿಂತಿತು ಎಂದು ಬರೆದಿಟ್ಟು ವಿಜ್ಞಾನಿಗಳಿಗೆ ಕೊಟ್ಟರು. ಬಾವಲಿಗಳು ಎಲ್ಲೆಲ್ಲಿ ಓಡಾಡುತ್ತವೆ ಎಂಬುದು ಹೀಗೆ ತಿಳಿಯಿತು. 2018ರ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು ಎರಡು ಲಕ್ಷ! ಆ ವರ್ಷ ಅವು ಪಟ್ಟಿಯಿಂದ ಹೊರಬಂದವು. ಚೇತರಿಸಿಕೊಂಡ ಕಾರಣಕ್ಕೆ ಹಾಗೆ ಹೊರಬಂದ ಮೊದಲ ಬಾವಲಿ ಇದೇ.

ಕಥೆ ಕೇಳಿದ ಪಕ್ಕದ ಮನೆಯ ಅಜ್ಜಿ ಕೊನೆಗೆ ಎರಡು ಬಾಟಲಿ ತೂಗಿಹಾಕಿದರು. ಒಂದು ಹಕ್ಕಿಗಳದ್ದು, ಸಂಜೆ ಒಳಗೆ ಬರುತ್ತದೆ. ಇನ್ನೊಂದು ಮನೆಯಿಂದ ದೂರ, ಅಂಟು ಬಿದ್ದರೂ ತೊಂದರೆಯಿಲ್ಲದ ಮೂಲೆಯಲ್ಲಿ. ಅದು ಬಾವಲಿಗಳು ಬರುವ ತಿಂಗಳುಗಳಿಗೆ ಮಾತ್ರ. ಖಾಲಿಯಾದದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುವ ಕೆಲಸ ನಮ್ಮ ಪುಟ್ಟಿಗೆ ಸಿಕ್ಕಿತು.

ನಮ್ಮೂರಿನ ತೊಗಲುಬಾವಲಿಗಳೂ ಬೂರುಗದ ಹೂವಿಗೆ, ಬಾಳೆಯ ಹೂವಿಗೆ ರಾತ್ರಿ ಭೇಟಿ ಕೊಡುತ್ತವೆ. ಸೀಬೆಹಣ್ಣು ಕಚ್ಚಿ ಬೀಳಿಸುತ್ತವೆ ಎಂದು ಅಜ್ಜ ಗೊಣಗಿದರೆ, ಬೇಕಾದ ನಾಲ್ಕು ಹಣ್ಣಿಗೆ ಬಟ್ಟೆಯ ಚೀಲ ಕಟ್ಟಿ, ಉಳಿದದ್ದನ್ನು ಅವಕ್ಕೇ ಬಿಡಿ. ನೆಲಕ್ಕೆ ಬಿದ್ದ ಬಾವಲಿಯನ್ನು ಮಾತ್ರ ಮುಟ್ಟಬೇಡಿ, ಅವು ಕಚ್ಚಿದ ಹಣ್ಣನ್ನೂ ತಿನ್ನಬೇಡಿ. ದೂರದಿಂದಲೇ ನೋಡಿ, ಯಾವ ಮರಕ್ಕೆ ಯಾವ ತಿಂಗಳು ಬಂದವು ಎಂದು ಬರೆದಿಡಿ.